ಎರಡು ಮರ ಅಂಟಿಸಿ ಒಂದು ಬಿಲ್ಲು

ಬಿಲ್ಲಿಗೆ ಬೆನ್ನು ಅಂದ್ರೆ ಗುರಿ ಕಡೆಗಿರೋ ಮೈ, ಹೊಟ್ಟೆ ಅಂದ್ರೆ ನಮ್ ಕಡೆಗಿರೋದು. ಹೆದೆ ಎಳೆದಾಗ ಬೆನ್ನು ಹಿಗ್ಗುತ್ತೆ, ಹೊಟ್ಟೆ ಒತ್ಕೊಳುತ್ತೆ, ಎರಡನ್ನೂ ಚೆನ್ನಾಗಿ ತಡ್ಕೊಳೋ ಮರ ಕಮ್ಮಿ. ಯೂ ಮರಕ್ಕೆ ಆ ಭಾಗ್ಯ ಹುಟ್ಟಿನಿಂದ್ಲೇ ಇದೆ, ಹೊರಗಿನ ಬಿಳಿ ಮರ ಎಳೆತಕ್ಕೆ, ಒಳಗಿನ ಕೆಂಪು ತಿರುಳು ಒತ್ತಡಕ್ಕೆ, ಹಳೇ ಇಂಗ್ಲಿಷ್ ಉದ್ದಬಿಲ್ಲುಗಳ ಗುಟ್ಟೇ ಇದು. ಯೂ ಸಿಗದೋರು ಅಂಟಿಸ್ಕೋಬೇಕು ಅಷ್ಟೆ.

ನಾನು ಬೆನ್ನಿಗೆ ಹಿಕರಿ, ಹೊಟ್ಟೆಗೆ ಈಪೆ ಅನ್ನೋ ದಕ್ಷಿಣ ಅಮೆರಿಕಾದ ಗಟ್ಟಿ ಮರ ಹಾಕ್ದೆ. ಹಿಕರಿ ಅಮೆರಿಕಾದಲ್ಲಿ ಸುತ್ತಿಗೆ, ಕೊಡಲಿ ಕಾವಿಗೆ ಹಾಕೋ ಮರ, 3 ಮಿ.ಮೀ. ಪಟ್ಟಿ ಸಾಕು, ಆದ್ರೆ ಮರದ ನಾರಿನ ಎಳೆ ಈ ತುದಿಯಿಂದ ಆ ತುದಿವರೆಗೂ ನೆಟ್ಟಗೆ ಓಡಿರ್ಬೇಕು, ಇದ್ರಲ್ಲಿ ಮಾತ್ರ ಜಿಪುಣತನ ಬೇಡ. ಈಪೆಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಚ್ಚೋ ಮುಂಚೆ ಅಸಿಟೋನ್ ಹಾಕಿ ಒರೆಸ್ದೆ, ಬಟ್ಟೆ ಕಂದುಬಣ್ಣಕ್ಕೆ ತಿರುಗ್ತು. ಕ್ಲ್ಯಾಂಪ್ ಹಾಕುವಾಗ ಎರಡನ್ನೂ ಉಲ್ಟಾ ಬಗ್ಸಿ ಬಿಗಿದ್ರೆ ಒಣಗಿದ್ಮೇಲೂ ಆ ಬಾಗು ಸ್ವಲ್ಪ ಉಳ್ಕೊಳುತ್ತೆ, ಬಾಣಕ್ಕೆ ಅದೇ ಎಕ್ಸ್ಟ್ರಾ ದಮ್ಮು.

ಆಮೇಲೆ ಟಿಲ್ಲರಿಂಗ್, ಅಂದ್ರೆ ಬಿಲ್ಲಿನ ಎರಡೂ ಕೈ (ಹಿಡಿಯ ಮೇಲಿನ, ಕೆಳಗಿನ ಭಾಗ) ಸಮನಾಗಿ ಬಾಗೋ ಹಂಗೆ ಕೆರೆಯೋದು, ಅಸಲಿ ಕೆಲ್ಸ ಇರೋದೇ ಇಲ್ಲಿ. ಅಗಲ ಅರ್ಧ ಮಾಡಿದ್ರೆ ಬಿಗಿನೂ ಅರ್ಧ, ಆದ್ರೆ ದಪ್ಪ ಅರ್ಧ ಮಾಡಿದ್ರೆ ಬಿಗಿ ಎಂಟನೇ ಒಂದು ಪಾಲಿಗೆ ಇಳಿಯುತ್ತೆ, ಅದಕ್ಕೇ ಉಳಿ ಗಿಳಿ ಎಲ್ಲ ಪಕ್ಕಕ್ಕಿಟ್ಟು ಸ್ಕ್ರೇಪರ್ ಹಿಡ್ಕೊಂಡು ಹೊಟ್ಟೆ ಕಡೆ ಮಾತ್ರ ನಾಲ್ಕು ಸಲ ಕೆರಿ, ಹೆದೆ ಎಳಿ, ನೋಡು, ಮತ್ತೆ ಕೆರಿ. ಬೆನ್ನು ಮುಟ್ಟಂಗಿಲ್ಲ, ಎಳೆ ಕತ್ತರಿಸಿಹೋದ್ರೆ ಅಲ್ಲಿಂದ್ಲೇ ಸಿಬಿರು ಎದ್ದು ಮುರಿಯೋದು.