ಬೆನ್ನಿಲ್ಲದ ಪುಸ್ತಕಗಳಿಗೂ ಒಂದು ಜಾಗ

ಪುಸ್ತಕದ ಕಪಾಟು ಮಾಡಿಸಲು ಬಡಗಿಗೆ ಫೋನ್ ಮಾಡುವ ಮುಂಚೆ ಮನೆಯ ಪುಸ್ತಕಗಳನ್ನೆಲ್ಲ ಒಂದೇ ಕಡೆ ನೆಲದ ಮೇಲೆ ಹರಡಿ. ಅಟ್ಟದ ಮೇಲಿನವು, ಮಂಚದ ಕೆಳಗಿನ ರಟ್ಟಿನ ಡಬ್ಬದವು, ಟಿವಿ ಪಕ್ಕ ಒಟ್ಟಿದವು, ಎಲ್ಲವೂ ಬರಲಿ. ಮೊದಲು ಕಪಾಟು ಮಾಡಿಸಿ ಆಮೇಲೆ ತುಂಬಿಸಲು ಹೊರಟರೆ, ನೋಡಲು ಚೆನ್ನಾಗಿರುವ ದಪ್ಪ ರಟ್ಟಿನವು ಮುಂದೆ ಬಂದು ಕೂರುತ್ತವೆ. ಊರ ಜಾತ್ರೆಯ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗದ ಪುಸ್ತಿಕೆ, ಹಳೆಯ ದೀಪಾವಳಿ ವಿಶೇಷಾಂಕ, ಅಜ್ಜಿಯ ಹಾಡಿನ ನೋಟುಬುಕ್ಕು ಮತ್ತೆ ಡಬ್ಬಕ್ಕೇ ಹೋಗುತ್ತವೆ. ಜ್ಞಾನಪೀಠ ಪಡೆದ ಎಂಟೂ ಮಂದಿಯ ಪುಸ್ತಕ ನೂರಾರು ಮನೆಗಳಲ್ಲಿ ಇರುತ್ತವೆ. ಆ ನೋಟುಬುಕ್ಕು ನಿಮ್ಮ ಮನೆಯಲ್ಲಿ ಮಾತ್ರ ಇದೆ.

ಹರಡಿದ ಮೇಲೆ ಒಂದೊಂದನ್ನೂ ಕೈಗೆತ್ತಿಕೊಂಡು ಕೇಳಿಕೊಳ್ಳಿ: ಇದು ಕಳೆದುಹೋದರೆ ದುಡ್ಡು ಕೊಟ್ಟು ಮತ್ತೆ ತರುತ್ತೇನಾ? ಸಭೆಯಲ್ಲಿ ಹಾರದ ಬದಲು ಕೈಗಿತ್ತ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಬೀಳುತ್ತವೆ. ಅವನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೋ ಹತ್ತಿರದ ಶಾಲೆಗೋ ಕೇಳಿಕೊಂಡು ಕೊಡಿ. 'ಸಮಗ್ರ' ಸಂಪುಟಗಳ ಬಗ್ಗೆಯೂ ನಿಷ್ಠುರವಾಗಿರುವುದು ಒಳ್ಳೆಯದು. ಎಂಟುನೂರು ಪುಟದ ಸಂಪುಟವನ್ನು ಮಲಗಿಕೊಂಡು ಓದಲಾಗದು. ಇಷ್ಟವಾದ ಒಂದು ಕೃತಿಯ ಬಿಡಿ ಪ್ರತಿ ಇದ್ದರೆ ಅದೇ ಸವೆಯುತ್ತದೆ, ಸೆಟ್ಟು ಹೊಳೆಯುತ್ತಾ ನಿಂತಿರುತ್ತದೆ. ಆದರೆ ಕೊಡುವ ಮುಂಚೆ ಒಳಗಿನ ಮುದ್ರಣ ವಿವರದ ಪುಟ ನೋಡಿ. 'ಪ್ರತಿಗಳು: 500' ಎಂದಿದ್ದು, ಮರುಮುದ್ರಣದ ಸುಳಿವೇ ಇಲ್ಲದಿದ್ದರೆ ಆತುರ ಬೇಡ. ಅಂಥದ್ದು ಮತ್ತೆ ಸಿಗುವುದು ಕಷ್ಟ.

ಅದೇ ಪುಟದಲ್ಲಿ ಕಪಾಟಿನ ಅಳತೆಯೂ ಇದೆ. 'ಡೆಮಿ 1/8' ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಈಗಿನ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಇದೇ. 'ಕ್ರೌನ್ 1/8' ಇದಕ್ಕಿಂತ ಒಂದಿಂಚಿನಷ್ಟು ಗಿಡ್ಡ. ಹಾಗಾಗಿ ಹಲಗೆಗಳ ನಡುವೆ 10 ಇಂಚು, ಆಳವೂ 10 ಇಂಚು ಸಾಕು. ತೀರಾ ಕೆಳಗಿನ ಒಂದು ಅರೆಗೆ ಮಾತ್ರ 13 ಇಂಚು ಬಿಡಿ, ನಿಘಂಟು ಮತ್ತು ದೊಡ್ಡ ಆಕಾರದ ವಿಶೇಷಾಂಕಗಳು ಅಲ್ಲಿಗೆ. ಬಡಗಿ ಬಟ್ಟೆ ಬೀರುವಿನ ರೂಢಿಯಲ್ಲಿ 16-18 ಇಂಚು ಆಳ ಅನ್ನುತ್ತಾರೆ, ಒಪ್ಪಬೇಡಿ. ಅಷ್ಟು ಆಳವಿದ್ದರೆ ಪುಸ್ತಕ ಎರಡು ಸಾಲಾಗುತ್ತದೆ, ಹಿಂದಿನ ಸಾಲನ್ನು ಆಮೇಲೆ ಗೆದ್ದಲು ಮಾತ್ರ ಓದುತ್ತದೆ.

70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ 200 ಪುಟದ ಡೆಮಿ ಪುಸ್ತಕ ಸುಮಾರು 220 ಗ್ರಾಂ ತೂಗುತ್ತದೆ, ದಪ್ಪ 12 ಮಿ.ಮೀ. ಒಂದಡಿಗೆ 25 ಪುಸ್ತಕ, ಐದೂವರೆ ಆರು ಕೆಜಿ. 18 ಮಿ.ಮೀ. ಪ್ಲೈವುಡ್ಡಿಗೆ ಎರಡೂವರೆ ಅಡಿ ಉದ್ದ ಮೀರದಿದ್ದರೆ ಹಲಗೆ ಬಾಗುವುದಿಲ್ಲ. ಮೂರು ಅಡಿ ಬೇಕೇ ಬೇಕು ಎಂದರೆ ಮುಂದಿನ ಅಂಚಿಗೆ ಒಂದೂವರೆ ಇಂಚಿನ ಮರದ ಪಟ್ಟಿ ಹೊಡೆಸಿ. ಪಾರ್ಟಿಕಲ್ ಬೋರ್ಡ್ ಬೇಡ, ಒಂದು ಮಳೆಗಾಲದ ತೇವಕ್ಕೇ ಉಬ್ಬುತ್ತದೆ. ಮಲೆನಾಡು, ಕರಾವಳಿಯಾದರೆ ಐಎಸ್ 710 ಗುರುತಿರುವ, ಅಂದರೆ ತೇವ ತಡೆಯುವ ಮರೈನ್ ಪ್ಲೈವುಡ್ಡನ್ನೇ ಕೇಳಿ. ಏಳು ಅರೆಯ ಕಪಾಟು ತುಂಬಿದರೆ ನೂರು ಕೆಜಿ ದಾಟುತ್ತದೆ, ಮೇಲ್ತುದಿಗೆ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸದೆ ಬಿಡಬೇಡಿ.

ಬಚ್ಚಲಮನೆಯ ಗೋಡೆಗೂ ಮಳೆ ಹೊಡೆಯುವ ಹೊರಗೋಡೆಗೂ ಒರಗಿಸಬೇಡಿ. ಬೇರೆ ಜಾಗ ಇಲ್ಲವೇ ಇಲ್ಲ ಎಂದಾದರೆ ಎರಡಿಂಚು ಸಂದು ಬಿಟ್ಟು ನಿಲ್ಲಿಸಿ. ಗಾಜಿನ ಬಾಗಿಲು ವಿಜಯಪುರ, ಕಲಬುರಗಿಯ ದೂಳಿಗೆ ಒಳ್ಳೆಯದು. ಅದನ್ನೇ ಶಿರಸಿಯಲ್ಲಿ ಹಾಕಿಸಿದರೆ ಒಳಗಿನ ತೇವ ಹೊರಗೆ ಹೋಗದೆ ಆಗಸ್ಟ್ ಹೊತ್ತಿಗೆ ಬೂಷ್ಟು. ಬೇವಿನ ಸೊಪ್ಪಿನ ಮೇಲೆ ಬಹಳ ಜನರಿಗೆ ನಂಬಿಕೆ, ಹಸಿಯಾಗಿ ಇಟ್ಟರೆ ಅದೂ ತೇವ ತರುವ ಸಾಮಾನೇ. ಗೆದ್ದಲಿಗೆ ಕಪಾಟಿನ ಒಳಗಿನ ಔಷಧಿಗಿಂತ ಕೆಳಗಿನ ಖಾಲಿ ಜಾಗ ಮುಖ್ಯ. ನಾಲ್ಕಿಂಚು ಕಾಲಿನ ಮೇಲೆ ನಿಂತಿದ್ದರೆ ಮಣ್ಣಿನ ಗೆರೆ ಏರುವುದು ಗುಡಿಸುವಾಗಲೇ ಕಣ್ಣಿಗೆ ಬೀಳುತ್ತದೆ. ಹಳೆಪುಸ್ತಕದ ಅಂಗಡಿಯಿಂದ ತಂದದ್ದನ್ನು ನೇರ ಸಾಲಿಗೆ ಸೇರಿಸದೆ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹೊರಗಿನ ತೇವ ತಣ್ಣನೆಯ ಕಾಗದದ ಮೇಲೆ ಬೆವರಾಗಿ ಕೂರುತ್ತದೆ.

ಜೋಡಿಸುವಾಗ ಅಕಾರಾದಿ ಎಂದು ಹೊರಟವರು ಮೊದಲ ದಿನವೇ ಕಾವ್ಯನಾಮಕ್ಕೆ ಎಡವುತ್ತಾರೆ. ಕುವೆಂಪು 'ಕ'ದಲ್ಲೋ ಪುಟ್ಟಪ್ಪ ಎಂದು 'ಪ'ದಲ್ಲೋ? ಶ್ರೀರಂಗರನ್ನು ಆದ್ಯ ರಂಗಾಚಾರ್ಯ ಎಂದು 'ಅ-ಆ' ಹತ್ತಿರ ಹುಡುಕುವವರುಂಟೇ? ಬಾಯಲ್ಲಿ ಯಾವ ಹೆಸರು ಬರುತ್ತದೋ ಅದೇ ಹೆಸರು, ಇನಿಶಿಯಲ್ ಲೆಕ್ಕಕ್ಕಿಲ್ಲ. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಯುನಿಕೋಡ್ ಕನ್ನಡದಲ್ಲೇ ಟೈಪಿಸಿ. ಹಳೆಯ ನುಡಿ, ಬರಹ ಆಸ್ಕಿ ಫಾಂಟಿನಲ್ಲಿ ಮಾಡಿದ ಪಟ್ಟಿ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವಿಂಗಡಿಸಿದರೆ ಅ ಆ ಇ ಈ ಬರುವುದೇ ಇಲ್ಲ. 'ಯಾರಿಗೆ ಕೊಟ್ಟದ್ದು, ಯಾವಾಗ' ಎಂಬ ಕಾಲಂ ಮರೆಯಬೇಡಿ.

ಇನ್ನು ತೆಳ್ಳಗಿನವು. 64 ಪುಟದ ಪುಸ್ತಿಕೆ 4 ಮಿ.ಮೀ. ದಪ್ಪ, ಬೆನ್ನ ಮೇಲೆ ಹೆಸರು ಅಚ್ಚಾಗಲು ಜಾಗವಿಲ್ಲ. ದಪ್ಪ ಪುಸ್ತಕಗಳ ನಡುವೆ ಸಿಕ್ಕರೆ ಕಾಣೆಯಾಗುತ್ತವೆ. 4 ಇಂಚು ಅಗಲದ ಮ್ಯಾಗಜೀನ್ ಬಾಕ್ಸ್ ತಂದು, ಒಂದರಲ್ಲಿ 18-20 ಮಾತ್ರ ನಿಲ್ಲಿಸಿ, ಕಣ್ಣಿನ ಮಟ್ಟದ ಅರೆಯಲ್ಲೇ ಇಡಿ. ಸಡಿಲವಿದ್ದರೆ ಬಾಗುತ್ತವೆ, ಖಾಲಿ ಜಾಗಕ್ಕೆ ರಟ್ಟಿನ ತುಂಡು ಕೊಡಿ.

ಇವುಗಳ ನಿಜವಾದ ಶತ್ರು ನಡುವಿನ ಪಿನ್ನು. ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತದೆ, ಕೊನೆಗೆ ನಡುಹಾಳೆ ಕಳಚಿ ಕೈಗೆ ಬರುತ್ತದೆ. ಸೆಲ್ಲೋಟೇಪ್ ಅಂಟಿಸಿದರೆ ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರದ ಮೇಲೆ ಕಲೆ ಉಳಿಯುತ್ತದೆ. ಬದಲಿಗೆ ನಡುಪುಟ ತೆರೆದು, ಮೊಂಡು ಚಾಕುವಿನಿಂದ ಪಿನ್ನಿನ ಎರಡು ಕಾಲನ್ನೂ ನೆಟ್ಟಗೆ ಮಾಡಿ, ಹೊರಗಿನಿಂದ ಎಳೆದು ತೆಗೆಯಿರಿ. ತುಕ್ಕಿನ ಪುಡಿಯನ್ನು ಒಣ ಬ್ರಷ್‌ನಲ್ಲಿ ಒರೆಸಿ, ನೀರು ತಾಗಿಸಬೇಡಿ. ಮಡಿಕೆಯ ಗೆರೆಯ ಮೇಲೆ ದಬ್ಬಣದಿಂದ ಮೂರು ತೂತು: ನಡುವೆ ಒಂದು, ಎರಡು ತುದಿಯಿಂದ ಒಂದೂವರೆ ಇಂಚು ಒಳಗೆ ಒಂದೊಂದು. ಪುಸ್ತಿಕೆಯ ಎತ್ತರದ ಮೂರರಷ್ಟು ಉದ್ದದ ಗಟ್ಟಿ ಹತ್ತಿ ದಾರ ತೆಗೆದುಕೊಂಡು ನಡುತೂತಿನಲ್ಲಿ ಒಳಗಿನಿಂದ ಹೊರಗೆ ಪೋಣಿಸಿ, ಒಳಗೆ ನಾಲ್ಕಿಂಚು ಬಾಲ ಬಿಡಿ. ಸೂಜಿ ಮೇಲಿನ ತೂತಿನಲ್ಲಿ ಒಳಗೆ ಬರಲಿ, ನಡುವನ್ನು ದಾಟಿ ಕೆಳಗಿನ ತೂತಿನಿಂದ ಹೊರಗೆ ಹೋಗಿ, ನಡುತೂತಿನಲ್ಲೇ ವಾಪಸ್ ಬರಲಿ. ಈಗ ಉದ್ದನೆಯ ಹೊಲಿಗೆಯ ಆಚೆ ಒಂದು ತುದಿ, ಈಚೆ ಒಂದು ತುದಿ ಇರಬೇಕು. ಎರಡನ್ನೂ ಮಡಿಕೆಯ ದಿಕ್ಕಿಗೇ ಎಳೆಯಿರಿ, ಅಡ್ಡ ಎಳೆದರೆ ಹಳೆಯ ಕಾಗದ ಹರಿಯುತ್ತದೆ. ಆ ಹೊಲಿಗೆ ಒಳಗೆ ಸಿಗುವಂತೆ ಎರಡು ಗಂಟು ಹಾಕಿ, ಅರ್ಧ ಇಂಚು ಬಿಟ್ಟು ಕತ್ತರಿಸಿ.