ಕೋಲ್ಚೆಸ್ಟರ್: ಊರಿನಡಿಯ ರೋಮನ್ ದಂಡಿನ ಪಾಳೆಯ ನೋಡಲು ಹೋಗುವವರಿಗೆ

ಲಂಡನ್ನಿನಿಂದ ಬೆಳಗ್ಗೆ ಹೋಗಿ ರಾತ್ರಿಗೆ ಮರಳಬಹುದಾದ ಊರು ಕೋಲ್ಚೆಸ್ಟರ್. ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ತಾನೇ ಬಂದು ವಶಪಡಿಸಿಕೊಂಡ ಕ್ಯಾಮುಲೊಡುನಮ್ ಇದೇ. ಗೆದ್ದ ಮೇಲೆ ಇಲ್ಲಿ 20ನೆಯ ಲೀಜನ್, ಅಂದರೆ ಸುಮಾರು 5,000 ಸೈನಿಕರ ದಂಡು, ಬೀಡುಬಿಟ್ಟಿತು. 49ರಲ್ಲಿ ಆ ದಂಡು ಪಶ್ಚಿಮದ ಕಡೆಗೆ ಹೊರಟಾಗ ಪಾಳೆಯವನ್ನು ಹಾಗೇ ಬಿಡದೆ ನಿವೃತ್ತ ಸೈನಿಕರ ನಗರವಾಗಿ ಮಾರ್ಪಡಿಸಿದರು. ಬ್ರಿಟನ್ನಿನ ಮೊದಲ ರೋಮನ್ ನಗರ ಹುಟ್ಟಿದ್ದು ಹೀಗೆ.

ಹೊರಡುವ ಮುನ್ನ ತಿಳಿದಿರಬೇಕಾದ ಒಂದು ಮಾತಿದೆ. ಪಾಳೆಯದ್ದು ಅಂತ ನೆಲದ ಮೇಲೆ ನಿಂತಿರುವುದು ಏನೂ ಇಲ್ಲ. ರೈಲಿಳಿದು ಏರು ಹತ್ತಿದ ಕೂಡಲೇ ಎದುರಾಗುವ ದಪ್ಪ ಗೋಡೆಯನ್ನೇ ದಂಡಿನ ಕೋಟೆ ಎಂದುಕೊಂಡು ಫೋಟೊ ತೆಗೆದು ಮರಳುವವರೇ ಹೆಚ್ಚು. ಆ ಗೋಡೆ ಕಟ್ಟಿದ್ದು ಸುಮಾರು 65ರಿಂದ 80ರ ನಡುವೆ. ಆಗ ಲೀಜನ್ ಊರುಬಿಟ್ಟು ಹದಿನೈದು ವರ್ಷಕ್ಕೂ ಮೇಲಾಗಿತ್ತು. ಹಾಗಾಗಿ ಗೋಡೆಯನ್ನು ಕೊನೆಗಿಟ್ಟುಕೊಂಡು ಮ್ಯೂಸಿಯಮ್ಮಿನಿಂದ ಶುರುಮಾಡಿ.

ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ರೈಲಿಗೆ ಒಂದು ಗಂಟೆಯ ಆಸುಪಾಸು. ಲಂಡನ್ನಿನ ರೈಲು-ಬಸ್ಸುಗಳಿಗೆ ಬಳಸುವ ಆಯ್ಸ್ಟರ್ ಕಾರ್ಡ್ ಈ ಮಾರ್ಗದಲ್ಲಿ ಶೆನ್‌ಫೀಲ್ಡ್‌ವರೆಗೆ ಮಾತ್ರ ನಡೆಯುತ್ತದೆ. ಕೋಲ್ಚೆಸ್ಟರಿಗೆ ಟಿಕೆಟ್ಟನ್ನು ಹತ್ತುವ ಮೊದಲೇ ಕೊಂಡಿರಬೇಕು. ಬೆಳಗಿನ ದಟ್ಟಣೆಯ ಹೊತ್ತು ತಪ್ಪಿಸಿದರೆ ದರ ಇಳಿಯುತ್ತದೆ. ಭಾನುವಾರ ಹಳಿ ದುರಸ್ತಿ ಇದ್ದರೆ ಅರ್ಧ ದಾರಿ ಬಸ್ಸಿನಲ್ಲಿ ಹೋಗಬೇಕಾಗಬಹುದು, ಮ್ಯೂಸಿಯಂ ತೆರೆಯುವುದೂ ಅಂದು ತಡ. ಶನಿವಾರವೇ ವಾಸಿ. ಮುಖ್ಯ ನಿಲ್ದಾಣ ಊರಿನ ಉತ್ತರಕ್ಕೆ, ತಗ್ಗಿನಲ್ಲಿದೆ. ಅಲ್ಲಿಂದ ಮ್ಯೂಸಿಯಂ ಇರುವ ಕ್ಯಾಸಲ್‌ಗೆ, ಅಂದರೆ 11ನೆಯ ಶತಮಾನದ ನಾರ್ಮನ್ನರ ಕೋಟೆಗೆ, ಅರ್ಧ ಗಂಟೆಯ ನಡಿಗೆ, ಕೊನೆಯಲ್ಲಿ ನಾರ್ತ್ ಹಿಲ್‌ನ ಏರು. ವಯಸ್ಸಾದವರು ಜೊತೆಗಿದ್ದರೆ ನಿಲ್ದಾಣದ ಎದುರಿನಿಂದ ಬಸ್ಸು ಹಿಡಿಯಿರಿ. ‘ಕೋಲ್ಚೆಸ್ಟರ್ ಟೌನ್’ ಎಂಬ ಇನ್ನೊಂದು ನಿಲ್ದಾಣ ಊರಿಗೆ ಹತ್ತಿರ, ಆದರೆ ಅಲ್ಲಿಗೆ ಸಾಮಾನ್ಯವಾಗಿ ರೈಲು ಬದಲಿಸಬೇಕು.

ಕ್ಯಾಸಲ್ ಮ್ಯೂಸಿಯಮ್ಮಿನಲ್ಲಿ ನೇರವಾಗಿ ಎರಡು ಗೋರಿಕಲ್ಲುಗಳ ಬಳಿ ಹೋಗಿ. ಮೊದಲನೆಯದು 1868ರಲ್ಲಿ ಸಿಕ್ಕ ಮಾರ್ಕಸ್ ಫವೋನಿಯಸ್ ಫಾಸಿಲಿಸ್ ಎಂಬ ಸೆಂಚುರಿಯನ್‌ನದು, ಅಂದರೆ ಸುಮಾರು ಎಂಬತ್ತು ಸಿಪಾಯಿಗಳ ತುಕಡಿಯ ನಾಯಕನದು. ಬಲಗೈಯಲ್ಲಿ ದ್ರಾಕ್ಷಿಬಳ್ಳಿಯ ಕೋಲು, ಅದು ಪದವಿಯ ಗುರುತು, ತಪ್ಪು ಮಾಡಿದ ಸಿಪಾಯಿಯ ಬೆನ್ನಿಗೂ ಬೀಳುತ್ತಿದ್ದದ್ದು. ಕಲ್ಲು ನಿಲ್ಲಿಸಿದವರು ಅವನೇ ಬಿಡುಗಡೆ ಕೊಟ್ಟ ಇಬ್ಬರು ದಾಸರು, ವೆರೆಕುಂಡಸ್ ಮತ್ತು ನೋವಿಸಿಯಸ್. ಶಾಸನದಲ್ಲಿ ದಂಡಿನ ಹೆಸರು ಬರೀ ‘20ನೆಯ ಲೀಜನ್’ ಎಂದಷ್ಟೇ ಇರುವುದನ್ನು ಗಮನಿಸಿ. ‘ವಲೇರಿಯಾ ವಿಕ್ಟ್ರಿಕ್ಸ್’ ಎಂಬ ಬಿರುದು ಅದಕ್ಕೆ ಬಂದದ್ದು 60–61ರಲ್ಲಿ ಸ್ಥಳೀಯ ರಾಣಿ ಬುಡಿಕಾ ರೋಮನ್ನರ ವಿರುದ್ಧ ಎಬ್ಬಿಸಿದ ದಂಗೆಯನ್ನು ಅಡಗಿಸಿದ ಮೇಲೆ ಎಂಬುದು ಬಹುಮಂದಿ ವಿದ್ವಾಂಸರ ಮತ. ಬಿರುದಿಲ್ಲ ಎಂದರೆ ಕಲ್ಲು ಅದಕ್ಕೂ ಹಳೆಯದು. ಅಗೆತ ಶುರುವಾಗುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಲೀಜನ್ ಇತ್ತೆಂದು ಊಹಿಸಲು ಈ ಕಲ್ಲೇ ಆಧಾರವಾಗಿತ್ತು. ಎರಡನೆಯದು ಲಾಂಗಿನಸ್ ಎಂಬ ಥ್ರೇಸ್ ನಾಡಿನ ಸವಾರನದು, 1928ರಲ್ಲಿ ಸಿಕ್ಕಿತು. ಮುಖ ಒಡೆದಿದ್ದರಿಂದ ಬುಡಿಕಾಳ ಜನರೇ ಹಾಳುಮಾಡಿದರು ಎಂಬ ಕಥೆ ಬಹುಕಾಲ ನಡೆಯಿತು. 1996ರಲ್ಲಿ ಅದೇ ಜಾಗದಲ್ಲಿ ಮುಖದ ಚೂರು ಸಿಕ್ಕ ಮೇಲೆ, 1928ರಲ್ಲಿ ಕಲ್ಲು ತೆಗೆಯುವಾಗಲೇ ಒಡೆದಿರಬಹುದು ಎನಿಸಿ ಆ ಕಥೆ ಸಪ್ಪೆಯಾಯಿತು.

ಇದೇ ಮ್ಯೂಸಿಯಮ್ಮಿನಲ್ಲಿ ಬುಡಿಕಾ ದಂಗೆಯ ಬೆಂಕಿಯಲ್ಲಿ ಸುಟ್ಟ ವಸ್ತುಗಳಿವೆ: ಕರಕಲಾದ ಖರ್ಜೂರ, ಕಪ್ಪಾದ ಕೆಂಪು ಮಣ್ಣಿನ ಪಾತ್ರೆಗಳು, 2014ರಲ್ಲಿ ಹೈ ಸ್ಟ್ರೀಟ್ ಅಂಗಡಿಯೊಂದರ ಅಗೆತದಲ್ಲಿ ಸಿಕ್ಕ ಚಿನ್ನದ ಒಡವೆಗಳು. ಮನೆಯ ನೆಲದಲ್ಲಿ ಅವಸರದಲ್ಲಿ ಹೂತಿಟ್ಟವರು ಮತ್ತೆ ತೆಗೆದುಕೊಳ್ಳಲು ಬರಲಿಲ್ಲ.

ಕೆಳಗಿನ ಕಮಾನುಕೋಣೆಗಳಿಗೆ ಗೈಡ್ ಜೊತೆಗೇ ಇಳಿಯಬೇಕು. ಅದಕ್ಕೆ ಬೇರೆ ಟಿಕೆಟ್, ಜಾಗ ಮಿತಿ. ಒಳಗೆ ಬಂದ ಕೂಡಲೇ ಕೌಂಟರಿನಲ್ಲಿ ಕೇಳಿ ಹೊತ್ತು ಗೊತ್ತುಮಾಡಿಕೊಳ್ಳಿ, ಮಧ್ಯಾಹ್ನಕ್ಕೆ ಬಿಟ್ಟರೆ ಸಿಗದೆ ಹೋಗಬಹುದು. ನಾರ್ಮನ್ ಕೋಟೆ ನಿಂತಿರುವುದು ಚಕ್ರವರ್ತಿ ಕ್ಲಾಡಿಯಸ್‌ನನ್ನೇ ದೇವರೆಂದು ಪೂಜಿಸಿದ ದೇವಸ್ಥಾನದ ಜಗತಿಯ ಮೇಲೆ. ಜಗತಿಯ ಅಳತೆ ಸುಮಾರು 32 ಮೀಟರ್ ಉದ್ದ, 24 ಮೀಟರ್ ಅಗಲ. ಒಳಗೆ ತುಂಬಿದ್ದ ಮರಳನ್ನು ತೋಡಿ ತೆಗೆದವನು 17ನೆಯ ಶತಮಾನದ ಜಾನ್ ವ್ಹೀಲಿ, ಕೋಟೆ ಕೆಡವಿ ಸಾಮಗ್ರಿ ಮಾರಲು ಕೊಂಡಿದ್ದವ. ಇದು ರೋಮನ್ ದೇವಸ್ಥಾನದ ಬುಡವೆಂದು 1920ರ ಸುಮಾರಿಗೆ ಗುರುತಿಸಿದವರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಒಬ್ಬರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ 1947ರಲ್ಲಿ ಅಗೆಸಿದವರೂ ಅವರೇ. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಚಕ್ರವರ್ತಿ ಟೈಬೀರಿಯಸ್ ಈ ಕ್ಲಾಡಿಯಸ್‌ನ ಸ್ವಂತ ದೊಡ್ಡಪ್ಪ. ಬುತ್ತಿ ತಂದಿದ್ದರೆ ಹೊರಗಿನ ಕ್ಯಾಸಲ್ ಪಾರ್ಕಿನಲ್ಲಿ ಬಿಚ್ಚಬಹುದು.

ಊಟವಾದ ಮೇಲೆ ಲಯನ್ ವಾಕ್ ಮತ್ತು ಕಲ್ವರ್ ಸ್ಕ್ವೇರ್ ಶಾಪಿಂಗ್ ಸೆಂಟರುಗಳತ್ತ ನಡೆಯಿರಿ. ನೋಡಲು ಬರೀ ಅಂಗಡಿಗಳೇ. ಆದರೆ ಅವನ್ನು ಕಟ್ಟುವ ಮುನ್ನ 1970 ಮತ್ತು 80ರ ದಶಕಗಳಲ್ಲಿ ಫಿಲಿಪ್ ಕ್ರಮ್ಮಿ ನೇತೃತ್ವದ ತಂಡ ನಡೆಸಿದ ಅಗೆತಗಳಲ್ಲೇ ಪಾಳೆಯ ಖಚಿತವಾದದ್ದು. ಸಿಕ್ಕಿದ್ದು ಬ್ಯಾರಕ್‌ಗಳ ಬುಡ: ಸಿಪಾಯಿಗಳಿಗೆ ಸಣ್ಣ ಕೋಣೆಗಳ ಸಾಲು, ಒಂದು ತುದಿಗೆ ಸೆಂಚುರಿಯನ್‌ನ ದೊಡ್ಡ ಬಿಡಾರ. ಗಾರೆ ಹಾಕಿದ ಕಿರುಪಾಯದ ಮೇಲೆ ಮರದ ತೊಲೆ, ಅದರ ಮೇಲೆ ಹಸಿಮಣ್ಣಿನ ಗೋಡೆ. ಇಂಥ ಗೋಡೆ ಮಳೆಗೆ ಕರಗಿ ಹೋಗಬೇಕಿತ್ತು. ಉಳಿದದ್ದು ಬುಡಿಕಾಳ ಬೆಂಕಿಯಿಂದ. ಲೀಜನ್ ಹೋದ ಮೇಲೂ ಕೆಲವು ಬ್ಯಾರಕ್‌ಗಳನ್ನು ಕೆಡವದೆ ನಗರದವರು ಮನೆ ಮಾಡಿಕೊಂಡಿದ್ದರು, ಊರು ಉರಿದಾಗ ಅವೂ ಬೆಂದು ಕುಲುಮೆಯ ಇಟ್ಟಿಗೆಯಂತೆ ಗಟ್ಟಿಯಾದವು. ಆ ಕೆಂಪು ಪದರ ಕೆಲವೆಡೆ ಅರ್ಧ ಮೀಟರ್ ದಪ್ಪವಿದೆ. ಅಗೆಯುವವರಿಗೆ ಅದಕ್ಕಿಂತ ಒಳ್ಳೆಯ ಕಾಲಸೂಚಿ ಇನ್ನೊಂದಿಲ್ಲ: ಅದರಡಿ ಇರುವುದೆಲ್ಲ 60–61ಕ್ಕೆ ಹಿಂದಿನದು.

ಇನ್ನೊಂದು ಸಾಕ್ಷಿ ಕಂದಕ. ಪಾಳೆಯದ ಸುತ್ತ ಇಂಗ್ಲಿಷಿನ ‘ವಿ’ ಆಕಾರದ ಕಂದಕವೂ ಮಣ್ಣಿನ ದಿಬ್ಬವೂ ಇದ್ದವು. ನಗರವಾದ ಮೇಲೆ ದಿಬ್ಬವನ್ನು ಕಂದಕಕ್ಕೇ ತಳ್ಳಿ ಮೇಲೆ ಮನೆ ಕಟ್ಟಿದರು. ನಗರಕ್ಕೆ ರಕ್ಷಣೆಯೇ ಇರಲಿಲ್ಲ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದದ್ದಕ್ಕೂ ನೆಲದಲ್ಲಿ ಸಿಕ್ಕಿದ್ದಕ್ಕೂ ಹೀಗೆ ತಾಳೆಯಾಗುತ್ತದೆ. ದಂಗೆಯಲ್ಲಿ ಜನ ಓಡಿ ಸೇರಿದ್ದು ಕ್ಲಾಡಿಯಸ್ ದೇವಸ್ಥಾನಕ್ಕೆ, ಅದು ಬಿದ್ದದ್ದು ಎರಡೇ ದಿನದಲ್ಲಿ. ಪಾಳೆಯ ಸುಮಾರು 20 ಹೆಕ್ಟೇರ್, ಪೂರ್ವಕ್ಕೆ ಬೆಳೆದ ನಗರ ಅದರ ಎರಡರಷ್ಟು. ಹೈ ಸ್ಟ್ರೀಟ್, ಹೆಡ್ ಸ್ಟ್ರೀಟ್, ನಾರ್ತ್ ಹಿಲ್ ಇಂದಿಗೂ ಬಹುಮಟ್ಟಿಗೆ ರೋಮನ್ ಬೀದಿಗಳ ಜಾಡಿನಲ್ಲೇ ಇವೆ.

ಈಗ ಗೋಡೆ. 1883ರ ‘ಜಂಬೊ’ ನೀರಿನ ಗೋಪುರ ಎಲ್ಲಿಂದಲೂ ಕಾಣುತ್ತದೆ, ಅದನ್ನೇ ಗುರಿಯಾಗಿಟ್ಟು ನಡೆದರೆ ಬಾಲ್ಕರ್ನ್ ಗೇಟ್ ಪಕ್ಕದಲ್ಲೇ. ಬ್ರಿಟನ್ನಿನಲ್ಲಿ ಉಳಿದಿರುವ ಅತಿದೊಡ್ಡ ರೋಮನ್ ಹೆಬ್ಬಾಗಿಲು ಇದು. ಪಾಳೆಯದ ಪಶ್ಚಿಮದ ಬಾಗಿಲಿದ್ದ ಜಾಗದಲ್ಲಿ ಮೊದಲು ನಗರಸ್ಥಾಪನೆಯ ಸ್ಮಾರಕ ಕಮಾನು ಎದ್ದಿತು, ಆಮೇಲೆ ಕಮಾನನ್ನೇ ಗೋಡೆಯೊಳಗೆ ಸೇರಿಸಿ ಬಾಗಿಲು ಮಾಡಿದರು. ಈಗ ದಕ್ಷಿಣದ ಕಾಲ್ದಾರಿಯ ಕಮಾನು ಪೂರ್ತಿಯಾಗಿ ಉಳಿದಿದೆ, ಇನ್ನೊಂದು ಬದಿಯ ಮೇಲೆ ಪಬ್ಬು ಕೂತಿದೆ. ಗೋಡೆಯ ಸುತ್ತು 2.8 ಕಿ.ಮೀ., ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಪೂರ್ತಿ ಸುತ್ತುವ ಹಟ ಬೇಡ. ಪಶ್ಚಿಮದ ಭಾಗ ನೋಡಿ ಹಾಗೇ ನಿಲ್ದಾಣದತ್ತ ಇಳಿದರೆ ಇಳಿಜಾರು, ಇಪ್ಪತ್ತು ನಿಮಿಷ.

ಸಮಯ ಮಿಕ್ಕರೆ ದಕ್ಷಿಣಕ್ಕೆ, 2004ರಲ್ಲಿ ಪತ್ತೆಯಾದ ರಥಪಂದ್ಯದ ಮೈದಾನಕ್ಕೆ ಹೋಗಿ. ಬ್ರಿಟನ್ನಿನಲ್ಲಿ ಗೊತ್ತಿರುವುದು ಇದೊಂದೇ. ಸಿಕ್ಕಿದ್ದು ಇಂದಿನ ಬ್ರಿಟಿಷ್ ಸೇನೆಯ ಜಾಗದಲ್ಲಿ, ಕೋಲ್ಚೆಸ್ಟರ್ ಈಗಲೂ ದಂಡಿನ ಊರೇ. ಗಾಸ್‌ಬೆಕ್ಸ್ ಎಂಬ ಹೊರವಲಯದ ಬಯಲಿನಲ್ಲೂ ಸಣ್ಣ ರೋಮನ್ ಕೋಟೆಯೊಂದು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಬೆಳೆಯ ಬಣ್ಣದ ವ್ಯತ್ಯಾಸದಿಂದ ಗೊತ್ತಾಯಿತು. ಅಲ್ಲಿ ಕಾಣುವುದು ಹುಲ್ಲು ಮಾತ್ರ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅದನ್ನು ಬಿಟ್ಟು ರಥದ ಮೈದಾನವನ್ನೇ ಆರಿಸಿಕೊಳ್ಳಿ.