ಮತ್ತೆ ಕಟ್ಟಿದ ಹಳೆಯ ಪಟ್ಟಣ: ವಾರ್ಸಾದಲ್ಲಿ ಮೂರು ಗಂಟೆಯ ನಡಿಗೆ

ಪೋಲೆಂಡಿನ ರಾಜಧಾನಿ ವಾರ್ಸಾದ ಹಳೆಯ ಪಟ್ಟಣ ನಿಜಕ್ಕೂ ಹಳೆಯದಲ್ಲ, 1944ರಲ್ಲಿ ನೆಲಸಮವಾದ ಆ ಭಾಗವನ್ನು ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದಾರೆ ಎಂಬುದನ್ನು ಹೊರಡುವ ಮೊದಲೇ ಓದಿಕೊಂಡಿದ್ದೆ. ಹಾಗಾದರೆ ಅಲ್ಲಿ ನೋಡುವುದೇನಿದೆ ಎಂಬ ಅನುಮಾನವೂ ಇತ್ತು. ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ, ಅದೇ ಬೀದಿಗಳಲ್ಲಿ ಬೆಳೆದ ಹಿರಿಯ ಮಹಿಳೆಯೊಬ್ಬರ ಹಿಂದೆ ಕಲ್ಲುಹಾಸಿನ ಮೇಲೆ ಮೂರು ಗಂಟೆ ನಡೆದ ನಂತರ ಆ ಅನುಮಾನ ಉಳಿಯಲಿಲ್ಲ.

ನಮ್ಮ ಹನ್ನೊಂದು ಜನರ ಗುಂಪು ಸೇರಿದ್ದು ಅರಮನೆಯ ಮುಂದಿನ ಚೌಕದಲ್ಲಿ, ದೊರೆ ಮೂರನೆಯ ಸಿಗಿಸ್ಮಂಡನ ಕಂಬದ ಬುಡದಲ್ಲಿ. 1596ರಲ್ಲಿ ಕ್ರಾಕೋವ್‌ನಿಂದ ವಾರ್ಸಾಕ್ಕೆ ರಾಜಧಾನಿಯನ್ನು ಬದಲಾಯಿಸಿದವನು ಈತನೇ. ಅವನ ನೆನಪಿಗಾಗಿ ಮಗ ನಾಲ್ಕನೆಯ ವ್ವಾದಿಸ್ವಾವ್ 1644ರಲ್ಲಿ ಈ ಕಂಬವನ್ನು ನಿಲ್ಲಿಸಿದ. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಕತ್ತಿ ಹಿಡಿದ ದೊರೆ ಈಗಲೂ ತುದಿಯಲ್ಲಿ ನಿಂತಿದ್ದಾನೆ. ನಮ್ಮ ಮಾರ್ಗದರ್ಶಕಿ ಮೇಲೆ ನೋಡುವುದಕ್ಕೆ ಹೆಚ್ಚು ಸಮಯ ಕೊಡದೆ, ಅರಮನೆಯ ಪಕ್ಕದಲ್ಲಿ ನೆಲದ ಮೇಲೆ ಮಲಗಿರುವ ಎರಡು ಮುರಿದ ಕಂಬಗಳ ಬಳಿಗೆ ಕರೆದೊಯ್ದರು. ಒಂದು 1644ರ ಕೆಂಪು ಬಣ್ಣದ ಕಲ್ಲು. ಅದು ಶಿಥಿಲವಾದ ಮೇಲೆ 1887ರಲ್ಲಿ ನಿಲ್ಲಿಸಿದ ಗ್ರಾನೈಟ್ ಕಂಬ ಇನ್ನೊಂದು. ಈ ಎರಡನೆಯದನ್ನು 1944ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಉರುಳಿಸಿತು. ಈಗ ನಿಂತಿರುವುದು 1949ರಲ್ಲಿ ನಿಲ್ಲಿಸಿದ ಮೂರನೆಯ ಕಂಬ. ಮಲಗಿರುವ ಗ್ರಾನೈಟಿನ ಮೇಲೆ ಕೈಯಾಡಿಸಿದರೆ, ನಯವಾದ ಮೈ ನಡುನಡುವೆ ಚಕ್ಕೆ ಎದ್ದು ಒರಟಾಗಿರುವುದು ಬೆರಳಿಗೆ ತಿಳಿಯುತ್ತದೆ.

ಅಷ್ಟರಲ್ಲಿ ಅರಮನೆಯ ಗೋಪುರದಿಂದ ಕಹಳೆಯ ದನಿ ಕೇಳಿಸಿತು. ಗಂಟೆ 11.15. 1939ರ ಸೆಪ್ಟೆಂಬರ್ 17ರಂದು ಬಾಂಬ್ ದಾಳಿಯಲ್ಲಿ ಅರಮನೆಗೆ ಬೆಂಕಿ ಬಿದ್ದಾಗ ಗೋಪುರದ ಗಡಿಯಾರ ನಿಂತುಹೋದದ್ದು ಇದೇ ಹೊತ್ತಿಗೆ. ಆಮೇಲೆ ಆಕ್ರಮಣಕಾರರು ಗೋಡೆಗಳಲ್ಲಿ ಡೈನಮೈಟ್ ಇಡಲು ಸಾಲುಸಾಲು ರಂಧ್ರ ಕೊರೆದರು. ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ಸ್ತಾನಿಸ್ವಾವ್ ಲೊರೆಂಟ್ಸ್ ಮತ್ತು ಅವರ ಸಂಗಡಿಗರು ಜೀವದ ಹಂಗು ತೊರೆದು ಚಿತ್ರಗಳನ್ನೂ ಬಾಗಿಲು, ಕೆತ್ತನೆ, ಅಲಂಕಾರದ ತುಣುಕುಗಳನ್ನೂ ಹೊರಗೆ ಸಾಗಿಸಿದರು. 1944ರಲ್ಲಿ ಅರಮನೆ ಸಿಡಿದು ಬಿತ್ತು. 1791ರ ಮೇ 3ರ ಸಂವಿಧಾನ ಅಂಗೀಕಾರವಾದ ಕಟ್ಟಡವದು. ಮತ್ತೆ ಕಟ್ಟುವ ತೀರ್ಮಾನವಾದದ್ದು 1971ರಲ್ಲಿ; ಹಣ ಬಂದದ್ದು ಜನರ ದೇಣಿಗೆಯಿಂದ. ಹಾಗೆ ಉಳಿಸಿಕೊಂಡ ತುಣುಕುಗಳು ಹೊಸ ಗೋಡೆಗಳಲ್ಲಿ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಗಡಿಯಾರವನ್ನು 1974ರ ಜುಲೈ 19ರಂದು, ಅದು ನಿಂತಿದ್ದ 11.15ಕ್ಕೇ ಮತ್ತೆ ಚಾಲನೆ ಮಾಡಿದರಂತೆ. ಕಹಳೆ ಮುಗಿಯುವವರೆಗೆ ನಮ್ಮ ಮಾರ್ಗದರ್ಶಕಿ ಒಂದು ಮಾತೂ ಆಡಲಿಲ್ಲ.

ಅಲ್ಲಿಂದ ಸ್ವಿಯೆಂಟೊಯಾನ್ಸ್ಕಾ ಬೀದಿಯಲ್ಲಿ ಸ್ವಲ್ಪ ದೂರ ನಡೆದರೆ ಸೇಂಟ್ ಜಾನ್ ಕ್ಯಾಥೆಡ್ರಲ್. ಇಟ್ಟಿಗೆಯ ಎತ್ತರದ ಮುಖಭಾಗವನ್ನು ಎಲ್ಲರೂ ಫೋಟೊ ತೆಗೆಯುತ್ತಿದ್ದರೆ, ನಮ್ಮನ್ನು ಪಕ್ಕದ ಓಣಿಗೆ ತಿರುಗಿಸಿದರು. ಹೊರಗೋಡೆಯಲ್ಲಿ ಎದೆಯ ಎತ್ತರಕ್ಕಿಂತ ತುಸು ಮೇಲೆ ತುಕ್ಕು ಬಣ್ಣದ ಕಬ್ಬಿಣದ ಸರಪಳಿ ಪಟ್ಟಿಯೊಂದನ್ನು ಹುದುಗಿಸಿದ್ದಾರೆ. ಜರ್ಮನ್ ಆಕ್ರಮಣದ ವಿರುದ್ಧ ಊರಿನ ಜನ ಎದ್ದ ದಂಗೆಯ ದಿನಗಳಲ್ಲಿ ಈ ದೇವಾಲಯದ ಗೋಡೆಗಳನ್ನು ಸ್ಫೋಟಿಸಲು ಜರ್ಮನ್ನರು ಬಳಸಿದ ‘ಗೋಲಿಯತ್’ ಎಂಬ ಚಾಲಕನಿಲ್ಲದ ಪುಟ್ಟ ಸ್ಫೋಟಕ ವಾಹನದ ಪಟ್ಟಿಯಿದು ಎಂದು ಅಲ್ಲಿನ ಫಲಕ ಹೇಳುತ್ತದೆ. ಗೋಡೆಯನ್ನು ಕೆಡವಿದ ವಸ್ತುವನ್ನೇ ಮತ್ತೆ ಎದ್ದ ಗೋಡೆ ಹೊತ್ತುಕೊಂಡಿರುವ ಈ ಜಾಗ ಇಡೀ ನಡಿಗೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು.

ಆ ದಂಗೆ 1944ರ ಆಗಸ್ಟ್ 1ರಂದು ಸಂಜೆ ಐದಕ್ಕೆ ಆರಂಭವಾಗಿ 63 ದಿನ ನಡೆಯಿತು. ಹಳೆಯ ಪಟ್ಟಣ ಸೆಪ್ಟೆಂಬರ್ ಆರಂಭದಲ್ಲೇ ಶತ್ರುವಿನ ವಶವಾಯಿತು. ದಂಗೆ ಸೋತ ನಂತರ ಹಿಟ್ಲರನ ಆಡಳಿತ ಜನರನ್ನು ಹೊರಗಟ್ಟಿ, ಖಾಲಿ ಊರನ್ನು ಬೀದಿಬೀದಿಯಾಗಿ ಸುಡಿಸಿತು, ಸಿಡಿಸಿತು. ಯುದ್ಧ ಮುಗಿಯುವ ವೇಳೆಗೆ ವಾರ್ಸಾದ ಶೇಕಡಾ 85ರಷ್ಟು ಭಾಗ ಅವಶೇಷವಾಗಿತ್ತು.

ಮಾರುಕಟ್ಟೆ ಚೌಕದಲ್ಲಿ ಕತ್ತಿ-ಗುರಾಣಿ ಹಿಡಿದ ಮತ್ಸ್ಯಕನ್ಯೆಯ ಸುತ್ತ ಮಕ್ಕಳು ನೀರಾಟವಾಡುತ್ತಿದ್ದರು. ಊರಿನ ಲಾಂಛನವಾದ ಈ ವಿಗ್ರಹವನ್ನು 1855ರಲ್ಲಿ ಮಾಡಿದವರು ಶಿಲ್ಪಿ ಕೊನ್‌ಸ್ತಾಂತಿ ಹೆಗೆಲ್. ಮೂಲವಿಗ್ರಹ ಈಗ ಚೌಕದ ಅಂಚಿನ ವಸ್ತುಸಂಗ್ರಹಾಲಯದಲ್ಲಿದೆ. ನಾಲ್ಕೂ ಕಡೆ ಹಳದಿ, ಹಸಿರು, ಇಟ್ಟಿಗೆಗೆಂಪು ಬಣ್ಣದ ಕಿರಿದಾದ ಎತ್ತರದ ಮನೆಗಳು. ಎಲ್ಲವೂ ಶತಮಾನಗಳಿಂದ ಇಲ್ಲೇ ಇದ್ದಂತೆ ಕಾಣುತ್ತವೆ. ಅಲ್ಲಿ ನಾವು ಒಂದು ಗಂಟೆಯ ಮೇಲೆ ಕುಳಿತೆವು, ಏಕೆಂದರೆ ಮತ್ತೆ ಕಟ್ಟಿದ ಕಥೆಯನ್ನು ನಮ್ಮ ಮಾರ್ಗದರ್ಶಕಿ ಹೇಳಲು ಆರಿಸಿಕೊಂಡದ್ದು ಆ ಜಾಗವನ್ನೇ.

1945ರ ಆರಂಭದಲ್ಲಿ ರಾಜಧಾನಿಯ ಪುನರ್ನಿರ್ಮಾಣಕ್ಕೆಂದೇ ಒಂದು ಕಚೇರಿ ಹುಟ್ಟಿತು. ಯುದ್ಧಕ್ಕೆ ಮೊದಲು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಪಾಠದ ಭಾಗವಾಗಿ ಈ ಮನೆಗಳನ್ನು ಅಳೆದು ನಕ್ಷೆ ಬರೆದಿದ್ದರು; ಆ ನಕ್ಷೆಗಳನ್ನು ಊರಿನಿಂದ ಹೊರಗೆ ಸಾಗಿಸಿ ಬಚ್ಚಿಟ್ಟಿದ್ದರಿಂದ ಅವು ಉಳಿದವು. ಅವಶೇಷದ ರಾಶಿಯಿಂದ ಬಳಸಬಹುದಾದ ಇಟ್ಟಿಗೆ, ಕಲ್ಲು, ಕೆತ್ತನೆಗಳನ್ನು ಹೆಕ್ಕಿದರು; ಸಾಲದ್ದಕ್ಕೆ ಬೇರೆ ಊರುಗಳಿಂದ ಇಟ್ಟಿಗೆ ತರಿಸಿದರು. 1953ರ ಜುಲೈನಲ್ಲಿ ಚೌಕ ಜನರಿಗೆ ತೆರೆಯಿತು. ಮೊದಲಿದ್ದದ್ದನ್ನು ಇದ್ದಂತೆಯೇ ಕಟ್ಟಿದರು ಎಂದು ಆಕೆ ಒಮ್ಮೆಯೂ ಹೇಳಲಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಯುದ್ಧಪೂರ್ವದಲ್ಲಿ ಇದು ಬಡವರು ಕಿಕ್ಕಿರಿದು ಬದುಕುತ್ತಿದ್ದ ಕೇರಿ. ಹಿತ್ತಿಲುಗಳಲ್ಲಿ ಒತ್ತೊತ್ತಾಗಿದ್ದ ಕಟ್ಟಡಗಳನ್ನು ಬಿಟ್ಟು ಗಾಳಿ ಬೆಳಕಿಗೆ ಅಂಗಳ ಮಾಡಿದರು. ಮುಖಭಾಗದ ಹಿಂದೆ ಹೊಸ ಕಾಲದ ಮನೆಗಳನ್ನು ಕಟ್ಟಿದರು. ಗೋಡೆಯ ಮೇಲಿನ ಚಿತ್ತಾರಗಳಲ್ಲಿ ಹಲವನ್ನು ಬಿಡಿಸಿದ್ದು 1950ರ ದಶಕದ ಕಲಾವಿದರು. “ನಮ್ಮ ಅಮ್ಮ ಇಲ್ಲಿ ಇಟ್ಟಿಗೆಗೆ ಅಂಟಿದ ಗಾರೆಯನ್ನು ಕೆರೆದು ತೆಗೆಯುವ ಕೆಲಸ ಮಾಡಿದ್ದರು. ಇದನ್ನು ನಕಲು ಅಂತ ಯಾರಾದರೂ ಕರೆದರೆ, ಆ ಇಟ್ಟಿಗೆಗಳೂ ನಕಲೇ ಎಂದು ಅವರನ್ನು ಕೇಳುತ್ತೇನೆ” ಎಂದರು. 1980ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿ ಕಟ್ಟಿದ ಇತಿಹಾಸದ ಅಪರೂಪದ ನಿದರ್ಶನವೆಂದೇ.

ಮಧ್ಯಾಹ್ನದ ಬಿಸಿಲಿನಲ್ಲಿ ಬಾರ್ಬಿಕನ್ ಎಂಬ ಹದಿನಾರನೆಯ ಶತಮಾನದ ಕೋಟೆಬಾಗಿಲನ್ನು ದಾಟಿ, ಪುಟ್ಟ ಹೋರಾಟಗಾರನ ಪ್ರತಿಮೆಯ ಮುಂದೆ ನಿಂತೆವು. ತಲೆಗಿಂತ ದೊಡ್ಡದಾದ ಶಿರಸ್ತ್ರಾಣ, ಕಾಲಿಗಿಂತ ದೊಡ್ಡದಾದ ಬೂಟು. ದಂಗೆಯಲ್ಲಿ ಸ್ಕೌಟ್ ಮಕ್ಕಳು ಹೆಚ್ಚಾಗಿ ಮಾಡಿದ್ದು ಅಂಚೆ ಹಂಚುವ ಕೆಲಸ, ಗುಂಡಿನ ಮಳೆಯ ನಡುವೆ ಕಾಗದಗಳನ್ನು ಹೊತ್ತು ಓಡುವುದು. ಕೊನೆಗೆ ಕ್ರಶಿನ್ಸ್ಕಿ ಚೌಕದ ಬಳಿ ರಸ್ತೆಯಲ್ಲಿರುವ ಒಳಚರಂಡಿಯ ಮುಚ್ಚಳವೊಂದನ್ನು ತೋರಿಸಿದರು. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಸಾವಿರಾರು ಹೋರಾಟಗಾರರು ಇಲ್ಲಿಂದ ಇಳಿದು, ಕೊಳಚೆಯೊಳಗೆ ಬಗ್ಗಿಕೊಂಡು ನಡೆದು ನಗರದ ಮಧ್ಯಭಾಗ ಸೇರಿದರು. ಹೊತ್ತೊಯ್ಯಲಾಗದೆ ಹಿಂದೆ ಉಳಿದ ಗಾಯಾಳುಗಳಲ್ಲಿ ಅನೇಕರನ್ನು ಆಸ್ಪತ್ರೆಗಳಲ್ಲೇ ಕೊಂದರು. ಇಷ್ಟು ಹೇಳಿ ಅವರು ನಮಗೆ ಕೈಮುಗಿದಂತೆ ತಲೆಬಾಗಿ ಹೊರಟರು.

ಸಂಜೆ ನಾನೊಬ್ಬನೇ ಅರಮನೆಗೆ ಮರಳಿದೆ. ಕನಲೆತ್ತೊ ಎಂಬ ಹೆಸರಿನಲ್ಲಿ ಸಹಿ ಹಾಕುತ್ತಿದ್ದ ವೆನಿಸ್ಸಿನ ಬರ್ನಾರ್ದೊ ಬೆಲ್ಲೊತ್ತೊ, ದೊರೆ ಸ್ತಾನಿಸ್ವಾವ್ ಆಗುಸ್ತನಿಗಾಗಿ ಬರೆದ ವಾರ್ಸಾದ 22 ದೃಶ್ಯಗಳು ಅಲ್ಲಿನ ಒಂದು ಕೋಣೆಯ ಗೋಡೆಗಳನ್ನು ತುಂಬಿವೆ. ಯುದ್ಧದಲ್ಲಿ ಲೂಟಿಯಾಗಿ, ಮತ್ತೆ ಸಿಕ್ಕ ಚಿತ್ರಗಳಿವು. ಮರಳಿ ಕಟ್ಟುವವರು ಹಲವು ಕಟ್ಟಡಗಳ ಮುಖಭಾಗವನ್ನು ಈ ಚಿತ್ರಗಳನ್ನು ನೋಡಿಕೊಂಡೇ ರೂಪಿಸಿದರು. ಒಂದು ಚಿತ್ರದಲ್ಲಿ ಸಿಗಿಸ್ಮಂಡನ ಕಂಬ ಸಿಕ್ಕಿತು. ಮೊದಲನೆಯ ಕಂಬ ಅದು, ಬೆಳಿಗ್ಗೆ ನೆಲದ ಮೇಲೆ ಮಲಗಿದ್ದುದನ್ನು ನೋಡಿದ್ದೆನಲ್ಲ, ಅದೇ. ಇನ್ನೂರೈವತ್ತು ವರ್ಷಗಳ ಹಿಂದಿನ ಬಿಸಿಲಿನಲ್ಲಿ ಅದು ನೆಟ್ಟಗೆ ನಿಂತಿತ್ತು.